ಜಂಗಿ ಪಲ್ಟನ್ ಅಂದರೆ ಯಾವುದು? ಕಾಗದದ ಜೊತೆ ಗುಂಡು ಕಳಿಸಿದ ಕಥೆ ನಿಜವಾ?

ಪ್ರಶ್ನೆ: ನಮ್ಮ ಅಜ್ಜ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಇದ್ದವರು. 1971ರಲ್ಲಿ ಬಾಂಗ್ಲಾ ಕಡೆ ಹೋಗಿದ್ದರಂತೆ. ನಾನು ಚಿಕ್ಕವನಿದ್ದಾಗಲೇ ತೀರಿಕೊಂಡರು, ಹಾಗಾಗಿ ಏನೂ ಕೇಳಲಾಗಲಿಲ್ಲ. ಮನೆಯಲ್ಲಿ ಕೆಲವರು ಜಂಗಿ ಪಲ್ಟನ್ ಅನ್ನುತ್ತಾರೆ, ಇನ್ನು ಕೆಲವರು ಪ್ಯಾರಾಚೂಟಿನವರ ಜೊತೆ ಇದ್ದರು ಅನ್ನುತ್ತಾರೆ. ಈ ಜಂಗಿ ಪಲ್ಟನ್ ಇಡೀ ರೆಜಿಮೆಂಟಿನ ಹೆಸರಾ? ಪಾಕಿಸ್ತಾನದ ಅಧಿಕಾರಿ ಕಾಗದದಲ್ಲಿ ಗುಂಡು ಇಟ್ಟು ಕಳಿಸಿದ್ದು ನಿಜವಾ? ಅಜ್ಜ ಯಾವ ಪಲ್ಟನ್ನಿನವರು ಅಂತ ಈಗ ತಿಳಿಯೋದು ಹೇಗೆ? (ಖಾನಾಪುರ ತಾಲೂಕಿನ ಓದುಗರು)

ಉತ್ತರ: ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಜಂಗಿ ಪಲ್ಟನ್ ಅನ್ನೋದು ಇಡೀ ಮರಾಠಾ ಲೈಟ್ ಇನ್‌ಫೆಂಟ್ರಿಯ ಹೆಸರಲ್ಲ, ಅದರ ಮೊದಲನೇ ಬೆಟಾಲಿಯನ್ನಿನ ಹೆಸರು, ಅಂದರೆ 1 ಮರಾಠಾ. ಬೆಳಗಾವಿಯಲ್ಲಿ ನೀವು ನೋಡುವ ದೊಡ್ಡ ಗೇಟು, ಪರೇಡ್ ಮೈದಾನ, ಅದೆಲ್ಲ ರೆಜಿಮೆಂಟಲ್ ಸೆಂಟರ್. ಅಲ್ಲಿ ಹುಡುಗರನ್ನು ತಯಾರು ಮಾಡುತ್ತಾರೆ, ಯುದ್ಧಕ್ಕೆ ಹೋಗೋದು ಬೆಟಾಲಿಯನ್ನು. ಸುಮಾರು ಎಂಟು ನೂರು ಜನ, ಒಬ್ಬ ಸಿಓ (ಕಮಾಂಡಿಂಗ್ ಆಫೀಸರ್), ನಾಲ್ಕು ರೈಫಲ್ ಕಂಪನಿ, ಜೊತೆಗೆ ಮೋರ್ಟಾರ್ ಮತ್ತಿತರ ಭಾರೀ ಆಯುಧದವರು. ಜವಾನ ತನ್ನ ಸರ್ವಿಸ್ ಪೂರ್ತಿ ಹೆಚ್ಚೂಕಮ್ಮಿ ಒಂದೇ ಪಲ್ಟನ್ನಿನಲ್ಲಿ ಇರುತ್ತಾನೆ. ಅದಕ್ಕೇ ರಿಟೈರ್ ಆಗಿ ಮೂವತ್ತು ವರ್ಷ ಆದವರೂ ರೆಜಿಮೆಂಟಿನ ಹೆಸರಿಗಿಂತ ಮೊದಲು ಪಲ್ಟನ್ನಿನ ಹೆಸರು ಹೇಳೋದು. ಎರಡನೇ ಬೆಟಾಲಿಯನ್ನಿನವರನ್ನು ಕೇಳಿ ನೋಡಿ, "ನಾವು ಕಾಳಿ ಪಾಂಚ್ವೀ" ಅಂತಾರೆ.

ನಿಮ್ಮ ಮನೆಯ ಎರಡು ಮಾತುಗಳೂ ಒಂದಕ್ಕೊಂದು ವಿರುದ್ಧ ಅಂತ ನಿಮಗೆ ಅನಿಸಿದೆ. ಹಾಗೇನಿಲ್ಲ. ಜಂಗಿ ಪಲ್ಟನ್ ಮತ್ತು ಆ ಪ್ಯಾರಾಚೂಟ್ ಪಲ್ಟನ್ ಹಳೇ ಒಡನಾಡಿಗಳು, 1971ರ ಡಿಸೆಂಬರಿನಲ್ಲಿ ಒಂದು ಸೇತುವೆಯ ಹತ್ತಿರ ಇಬ್ಬರೂ ಕೈ ಕುಲುಕಿದ್ದಾರೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಂಗಿ ಪಲ್ಟನ್ ಹುಟ್ಟಿದ್ದು 1768ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸಿಪಾಯಿಗಳ ಎರಡನೇ ಬೆಟಾಲಿಯನ್ ಆಗಿ. ಮುಂದೆ ಪ್ಯಾರಾಚೂಟಿನದಾದ ಇನ್ನೊಂದು ಪಲ್ಟನ್ 1797ರದು. ಆಮೇಲೆ ಹೆಸರು, ನಂಬರು ಎಷ್ಟು ಸಲ ಬದಲಾದವು ಅಂದರೆ ಪೂರ್ತಿ ಬರೆದರೆ ನಿಮಗೆ ತಲೆನೋವು. ಎರಡು ನಂಬರ್ ನೆನಪಿಟ್ಟುಕೊಂಡರೆ ಸಾಕು: ಮೊದಲನೇ ಮಹಾಯುದ್ಧದ ಹೊತ್ತಿಗೆ ಜಂಗಿ ಪಲ್ಟನ್ 103ನೇ ಮರಾಠಾ, ಇನ್ನೊಂದು 110ನೇ ಮರಾಠಾ. 1922ರಲ್ಲಿ ಇಂಥ ಪಲ್ಟನ್ನುಗಳನ್ನೆಲ್ಲ ಒಂದೇ ರೆಜಿಮೆಂಟಿಗೆ ಸೇರಿಸಿದರು, ತರಬೇತಿಯ ಕೇಂದ್ರ ಬೆಳಗಾವಿಗೆ ಬಂತು. 103 ಮೊದಲನೇ ಬೆಟಾಲಿಯನ್ ಆಯಿತು, 110 ಮೂರನೆಯದು.

ಕರ್ನಾಟಕದವರು ಕೇಳಿದರೆ ನಾನು ಬಿಡದೆ ಹೇಳುವ ಒಂದು ವಿಷಯವಿದೆ. ಜಂಗಿ ಪಲ್ಟನ್ನಿನ ಹಳೇ ಯುದ್ಧ ಗೌರವಗಳಲ್ಲಿ, ಅಂದರೆ ಕಾದಾಡಿದ್ದಕ್ಕೆ ಗೌರವವಾಗಿ ಪಲ್ಟನ್ನಿಗೆ ಕೊಡುವ ಕಾಳಗದ ಹೆಸರುಗಳಲ್ಲಿ, ನಮ್ಮ ನೆಲದ ಹೆಸರುಗಳೂ ಇವೆ: ಮೈಸೂರು, ಶ್ರೀರಂಗಪಟ್ಟಣ, ಮತ್ತು ಇಂಗ್ಲಿಷರು ಸೀದಾಸೀರ್ ಅಂತ ಬರೆದುಕೊಂಡ ಕಾಳಗ. ಆ ಜಾಗ ಕೊಡಗಿನ ಗಡಿಯಲ್ಲಿ, ಪಿರಿಯಾಪಟ್ಟಣಕ್ಕೆ ಹತ್ತಿರ. 1799ರ ಮಾರ್ಚ್ 6ರಂದು ಬಾಂಬೆ ಸೈನ್ಯದ ಮೂರು ಬೆಟಾಲಿಯನ್ನುಗಳು ಮುಂದೆ ಬಂದು ಅಲ್ಲಿ ನಿಂತಿದ್ದವು. ಟಿಪ್ಪು ಕಾಡಿನ ದಾರಿಯಲ್ಲಿ ಬಂದು ಮೇಲೆ ಬಿದ್ದ. ಹಿಂದಿನಿಂದ ಸಹಾಯ ಬರುವವರೆಗೆ ಗಂಟೆಗಟ್ಟಲೆ ಸಿಪಾಯಿಗಳು ತಡೆದುಕೊಂಡರು. ಎರಡು ತಿಂಗಳೊಳಗೆ, ಮೇ 4ಕ್ಕೆ, ಶ್ರೀರಂಗಪಟ್ಟಣ ಬಿತ್ತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸೇನೆ ಇಂಥ ಗೌರವಗಳನ್ನು ಪಕ್ಕಕ್ಕಿಟ್ಟಿತು. ನಮ್ಮವರ ವಿರುದ್ಧವೇ ಕಂಪನಿಗಾಗಿ ಹೋರಾಡಿ ಗಳಿಸಿದ್ದನ್ನು ಹಬ್ಬದಂತೆ ಆಚರಿಸಬಾರದು ಅನ್ನೋದು ನಿಯಮ. ನನಗೆ ಇದು ಸರಿಯಾದ ದಾರಿ ಅನಿಸುತ್ತದೆ. ಸುಮ್ನೆ ಅಳಿಸಿ ಹಾಕಿದರೆ ಅದು ಇತಿಹಾಸ ಆಗೋದಿಲ್ಲ, ಹಾಗಂತ ಬಾವುಟದ ಮೇಲೆ ಮೆರೆಸೋ ವಿಷಯವೂ ಅದಲ್ಲ.

ಇನ್ನು ಮೊದಲನೇ ಮಹಾಯುದ್ಧದ ಕೂಟ್. ಇದನ್ನು ಬಹಳ ಜನ ಎರಡೇ ಸಾಲಿನಲ್ಲಿ ಮುಗಿಸುತ್ತಾರೆ, ಯಾಕಂದರೆ ಇದು ಗೆಲುವಿನ ಕಥೆ ಅಲ್ಲ.

ಇರಾಕನ್ನು ಆಗ ಮೆಸಪಟೋಮಿಯಾ ಅನ್ನುತ್ತಿದ್ದರು. ಅಲ್ಲಿಗೆ ಹೋದ 6ನೇ ಪೂನಾ ಡಿವಿಷನ್ನಿನಲ್ಲಿ 103, 110, 117 ಮೂರೂ ಮರಾಠಾ ಪಲ್ಟನ್ನುಗಳಿದ್ದವು. ಟೈಗ್ರಿಸ್ ನದಿ ಹಿಡಿದು ಗೆಲ್ಲುತ್ತಾ ಗೆಲ್ಲುತ್ತಾ ಬಾಗ್ದಾದಿನ ಹತ್ತಿರದ ತನಕ ಹೋದರು. ಡಿವಿಷನ್ನಿನ ಮುಖ್ಯಸ್ಥ ಜನರಲ್ ಟೌನ್‌ಶೆಂಡ್‌ಗೂ ಅವನ ಮೇಲಿನವರಿಗೂ ಬಾಗ್ದಾದಿನ ಆಸೆ. ಹಿಂದಿನಿಂದ ಬರುವ ದೋಣಿಗಳು ಸಾಲದು, ಆಸ್ಪತ್ರೆ ಸಾಲದು, ಹೊಸ ಜನ ಸಾಲದು. ಆದರೂ ಮುಂದಕ್ಕೆ ಹೋದರು. 1915ರ ನವೆಂಬರಿನಲ್ಲಿ ಟೆಸಿಫಾನ್ ಹತ್ತಿರ ತುರ್ಕರ ಮೇಲೆ ಬಿದ್ದು ಬಹಳ ಜನರನ್ನು ಕಳೆದುಕೊಂಡು ಹಿಂದಕ್ಕೆ ಬಂದರು. ನದಿ ಮೂರೂ ಕಡೆ ಸುತ್ತಿಕೊಂಡಿರುವ ಕೂಟ್ ಅಲ್ ಅಮಾರಾ ಅನ್ನೋ ಸಣ್ಣ ಊರಿನಲ್ಲಿ ನಿಂತರು. ತುರ್ಕರು ಮುತ್ತಿಗೆ ಹಾಕಿದರು. 147 ದಿನ.

ಅಲ್ಲಿ ಕೊನೆಗೆ ಹೋರಾಟ ಇದ್ದದ್ದು ಹೊಟ್ಟೆಯ ಜೊತೆ. ರೇಷನ್ ಕಡಿಮೆಯಾಗುತ್ತಾ ಬಂತು. ಕುದುರೆ, ಹೇಸರಗತ್ತೆ ಕಡಿದು ಮಾಂಸ ಹಂಚಲು ಶುರು ಮಾಡಿದರು. ನಮ್ಮ ಜವಾನರಲ್ಲಿ ಬಹಳ ಮಂದಿ ತಿನ್ನಲು ಒಪ್ಪಲಿಲ್ಲ. ಊರಲ್ಲಿ ಗೊತ್ತಾದರೆ ಜಾತಿಯಿಂದ ಹೊರಗಿಡುತ್ತಾರೆ, ಮನೆಯಲ್ಲಿ ಹೆಣ್ಣು ಕೊಡೋದಿಲ್ಲ ಅನ್ನೋ ಭಯ. ಇಂಡಿಯಾದ ಧರ್ಮಗುರುಗಳಿಂದ "ತಿನ್ನಬಹುದು" ಅಂತ ಒಪ್ಪಿಗೆ ತರಿಸಿ ತೋರಿಸಿದರೂ ಹಿಂಜರಿಕೆ ಹೋಗಲಿಲ್ಲ. ಮೈಯಲ್ಲಿ ಶಕ್ತಿ ಇಲ್ಲದೆ ಕಾವಲಿನಲ್ಲೇ ಕುಸಿಯುವ ಹಂತಕ್ಕೆ ಬಂದ ಮೇಲೆ, ಏಪ್ರಿಲ್ ತಿಂಗಳಲ್ಲಿ, ಬಹಳ ಜನ ತಿಂದರು. ಬಿಡಿಸಲು ಬಂದ ಸೈನ್ಯ ಮತ್ತೆ ಮತ್ತೆ ಪ್ರಯತ್ನಪಟ್ಟು ದಾರಿಯಲ್ಲೇ ಸೋತಿತು. 1916ರ ಏಪ್ರಿಲ್ 29ರಂದು ಟೌನ್‌ಶೆಂಡ್ ಶರಣಾದ. ಅವನಿಗೆ ಇಸ್ತಾಂಬುಲ್ ಹತ್ತಿರ ಆರಾಮದ ಮನೆ ಸಿಕ್ಕಿತು. ಜವಾನರಿಗೆ ಮರುಭೂಮಿಯ ನಡಿಗೆ, ರೈಲ್ವೆ ಹಾಕುವ ಕೂಲಿ, ಜ್ವರ, ಸಾವು. "ಡಿಫೆನ್ಸ್ ಆಫ್ ಕೂಟ್ ಅಲ್ ಅಮಾರಾ" ಅಂತ ಒಂದು ಯುದ್ಧ ಗೌರವ ಕೊಟ್ಟಿದ್ದಾರೆ. ಆ ನಡಿಗೆಗೆ ಯಾವ ಗೌರವವೂ ಇಲ್ಲ.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ಪಲ್ಟನ್ನಿನ ಪರಂಪರೆ ಅಂದಕೂಡಲೇ ಪದಕಗಳ ಪಟ್ಟಿ ಓದುವವರು ಜಾಸ್ತಿ. ಪೂರ್ತಿ ಸೆರೆಯಾದ ಪಲ್ಟನ್ನನ್ನು ಹೊಸ ಹುಡುಗರಿಂದ, ಅಳಿದುಳಿದ ಸೂಬೇದಾರರಿಂದ ಮತ್ತೆ ಕಟ್ಟಿದರಲ್ಲ, ನಾನು ಆ ಕೆಲಸವನ್ನು ದೊಡ್ಡದು ಅಂತೀನಿ. ಅಲ್ಲಿ ಕಟ್ಟದೆ ಹೋಗಿದ್ದರೆ 1971ರಲ್ಲಿ ಬಾಂಗ್ಲಾದ ಜಮಾಲ್‌ಪುರಕ್ಕೆ ಹೋಗಲು ಈ ಹೆಸರಿನ ಪಲ್ಟನ್ನೇ ಇರುತ್ತಿರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಎರಡೂ ಪಲ್ಟನ್ನುಗಳು ಇಟಲಿಯಲ್ಲಿ ಇದ್ದವು, ಬೇರೆ ಬೇರೆ ಡಿವಿಷನ್ನಿನಲ್ಲಿ. ಎರಡಕ್ಕೂ ಒಂದೊಂದು ವಿಕ್ಟೋರಿಯಾ ಕ್ರಾಸ್ ಬಂತು. ಮೂರನೇ ಬೆಟಾಲಿಯನ್ನಿನ ನಾಯಕ್ ಯಶವಂತ ಘಾಡ್ಗೆ, 1944ರ ಜುಲೈ 10. ಹತ್ತಿರದಿಂದಲೇ ಮೆಷಿನ್ ಗನ್ ಹಾರಿ ಅವನ ಸೆಕ್ಷನ್ನಿನ ಜನರೆಲ್ಲ ಬಿದ್ದರು, ಉಳಿದದ್ದು ಅವನೊಬ್ಬ. ಒಬ್ಬನೇ ನುಗ್ಗಿ ಗ್ರೆನೇಡ್ ಎಸೆದ, ಒಬ್ಬನಿಗೆ ಗುಂಡು ಹೊಡೆದ, ಮ್ಯಾಗಜೀನ್ ಬದಲಿಸಲು ಪುರುಸೊತ್ತಿಲ್ಲದೆ ಉಳಿದಿಬ್ಬರನ್ನು ಬಂದೂಕಿನ ಹಿಡಿಯಿಂದಲೇ ಬಡಿದು ಕೊಂದ. ಆಮೇಲೆ ಮರೆಯಲ್ಲಿದ್ದವರ ಗುಂಡಿಗೆ ಅಲ್ಲೇ ಬಿದ್ದ. ಜಂಗಿ ಪಲ್ಟನ್ನಿನವನು ಸಿಪಾಯಿ ನಾಮದೇವ ಜಾಧವ, ಅಹಮದ್‌ನಗರ ಜಿಲ್ಲೆಯವನು, ಕಂಪನಿಯ ರನ್ನರ್. 1945ರ ಏಪ್ರಿಲ್ 9ರಂದು ಸೆನಿಯೋ ನದಿ ದಾಟುವಾಗ ಅವನ ತಂಡ ಹೆಚ್ಚೂಕಮ್ಮಿ ಪೂರ್ತಿ ನಾಶವಾಯಿತು. ಗಾಯಗೊಂಡ ಇಬ್ಬರನ್ನು ಆಳದ ನೀರಿನಲ್ಲಿ, ಮೈನು ಹುಗಿದ ದಡದಲ್ಲಿ ಒಬ್ಬೊಬ್ಬರನ್ನಾಗಿ ಹೊತ್ತು ಹಿಂದಕ್ಕೆ ಸಾಗಿಸಿದ. ಮತ್ತೆ ವಾಪಸ್ ಹೋಗಿ ಒಬ್ಬನೇ ಮೂರು ಮೆಷಿನ್ ಗನ್ ಪೋಸ್ಟುಗಳ ಬಾಯಿ ಮುಚ್ಚಿಸಿದ. ಕೈಗೆ ಏಟು ಬಿದ್ದು ಟಾಮಿ ಗನ್ ಹಾರಿಸಲಾಗದೆ ಗ್ರೆನೇಡಿಗೆ ಇಳಿದಿದ್ದ. ಕೊನೆಗೆ ಗುಂಡಿನ ಮಳೆಯಲ್ಲೇ ದಡದ ಏರಿಯ ಮೇಲೆ ನಿಂತು ಮರಾಠಾ ಜೈಕಾರ ಹಾಕುತ್ತಾ ಉಳಿದವರನ್ನು ಕರೆದ. ಇವನು ಬದುಕಿ ಮನೆಗೆ ಬಂದ, 1984ರವರೆಗೆ ಇದ್ದ.

ಸ್ವಾತಂತ್ರ್ಯದ ಹೊತ್ತಿಗೆ ಮೂರನೇ ಬೆಟಾಲಿಯನ್ ಪ್ಯಾರಾಚೂಟ್ ಪಲ್ಟನ್ ಆಗಿತ್ತು. ಕಾಶ್ಮೀರದಲ್ಲಿ 1948ರಲ್ಲಿ ಬ್ರಿಗೇಡಿಯರ್ ಉಸ್ಮಾನ್ ಅವರ 50ನೇ ಪ್ಯಾರಾ ಬ್ರಿಗೇಡಿನಲ್ಲಿ ಝಂಗರ್ ವಾಪಸ್ ಗೆಲ್ಲುವಾಗ ಇವರಿದ್ದರು. 1952ರಲ್ಲಿ ಪ್ಯಾರಾಚೂಟ್ ರೆಜಿಮೆಂಟ್ ಬೇರೆಯಾದಾಗ 3 ಮರಾಠಾ ಹೋಗಿ 2 ಪ್ಯಾರಾ ಆಯಿತು. ಈಗ ಅದು ಸ್ಪೆಷಲ್ ಫೋರ್ಸಸ್ ಪಲ್ಟನ್. ಅದಕ್ಕೇ ಮರಾಠಾ ಪಟ್ಟಿಯಲ್ಲಿ ಇವತ್ತಿಗೂ 1, 2 ಆದಮೇಲೆ ಸೀದಾ 4. (21 ಮರಾಠಾ ಕೂಡ 1996ರಲ್ಲಿ ಹೀಗೇ 21 ಪ್ಯಾರಾ ಆಯಿತು.) ಪ್ಯಾರಾದವರು "ನಾವೂ ಮರಾಠಾ" ಅನ್ನೋದು ಬಡಾಯಿ ಅಲ್ಲ, 1971ರಲ್ಲಿ ಆ ಪಲ್ಟನ್ನಿನ ಜವಾನರು ಹೆಚ್ಚಿನವರು ಮರಾಠರೇ.

ಈಗ ನಿಮ್ಮ ಗುಂಡಿನ ಕಾಗದಕ್ಕೆ ಬರೋಣ. ಹೌದು, ನಿಜ.

ಮೇಘಾಲಯದ ಕಡೆಯಿಂದ ಢಾಕಾಕ್ಕೆ ಇಳಿಯೋ ದಾರಿಯಲ್ಲಿ ಮೊದಲು ಕಮಾಲ್‌ಪುರ, ಆಮೇಲೆ ಬ್ರಹ್ಮಪುತ್ರಾದ ಹಳೇ ಹರಿವಿನ ದಕ್ಷಿಣ ದಡದಲ್ಲಿ ಜಮಾಲ್‌ಪುರ, ಅಲ್ಲಿಂದ ಟಂಗೈಲ್, ಆಮೇಲೆ ಢಾಕಾ. ಕಮಾಲ್‌ಪುರದ ಸಣ್ಣ ಪೋಸ್ಟೇ ವಾರಗಟ್ಟಲೆ ಕಾಡಿಸಿ ಡಿಸೆಂಬರ್ 4ಕ್ಕೆ ಕೈಗೆ ಬಂತು. ಜಮಾಲ್‌ಪುರದಲ್ಲಿ ಕೂತಿದ್ದದ್ದು ಪಾಕಿಸ್ತಾನದ 31 ಬಲೂಚ್ ಬೆಟಾಲಿಯನ್, ಸಿಓ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್. ಗಟ್ಟಿ ಬಂಕರುಗಳು, ಮುಂದೆ ನದಿ. ಮುಂದಿನಿಂದ ಹೋದರೆ ತಲೆ ಚಚ್ಚಿಕೊಂಡಂತೆ. ನಮ್ಮ 95ನೇ ಮೌಂಟೆನ್ ಬ್ರಿಗೇಡಿನ ಬ್ರಿಗೇಡಿಯರ್ ಹರದೇವ್ ಸಿಂಗ್ ಕ್ಲೇರ್ ಬೇರೆ ದಾರಿ ಹುಡುಕಿದರು: ಪಕ್ಕದಿಂದ ನದಿ ದಾಟಿ, ಊರನ್ನು ಸುತ್ತಿ, ಹಿಂದಿನ ಟಂಗೈಲ್ ರಸ್ತೆಗೆ ಅಡ್ಡ ಕೂರೋದು. ರಸ್ತೆಗೆ ಅಡ್ಡ ಕೂತ ಪಲ್ಟನ್ನೇ 1 ಮರಾಠಾ, ಸಿಓ ಲೆಫ್ಟಿನೆಂಟ್ ಕರ್ನಲ್ ಕೆ.ಎಸ್. ಬ್ರಾರ್. ಹೌದು, 1984ರಲ್ಲಿ ಅಮೃತಸರದ ಕಾರ್ಯಾಚರಣೆ ನಡೆಸಿದ ಬ್ರಾರ್ ಅವರೇ. ಜನರಿಗೆ ಆ ಹೆಸರು ಅದಕ್ಕೇ ಗೊತ್ತು, ಜಮಾಲ್‌ಪುರದ ವೀರ ಚಕ್ರ ನೆನಪಿರೋದು ಪಲ್ಟನ್ನಿನವರಿಗೆ ಮಾತ್ರ.

ಡಿಸೆಂಬರ್ 9ಕ್ಕೆ ಕ್ಲೇರ್ ಒಂದು ಕಾಗದ ಬರೆದರು. ನೀವು ಸುತ್ತುವರಿದಿದ್ದೀರಿ, ಹೋಗಲು ದಾರಿಯಿಲ್ಲ, ಸಂಜೆ 6.30ರ ಒಳಗೆ ಉತ್ತರ ಕೊಡಿ, ಇಲ್ಲವಾದರೆ ಮಿಗ್ ವಿಮಾನಗಳ 40 ದಾಳಿಗಳು ನನ್ನ ಕೈಯಲ್ಲಿವೆ, ಕಾಗದ ತಂದವನನ್ನು ಚೆನ್ನಾಗಿ ನೋಡಿಕೊಳ್ಳಿ. ಇದು ಅದರ ಸಾರ. ತೆಗೆದುಕೊಂಡು ಹೋದವರು ಬಾಂಗ್ಲಾ ಸ್ವಾತಂತ್ರ್ಯ ಹೋರಾಟಗಾರರ ಪಡೆಯಾದ ಮುಕ್ತಿ ವಾಹಿನಿಯ ಜಹೂರುಲ್ ಹಕ್ ಮುನ್ಷಿ, ಬಿಳಿ ಬಾವುಟ ಹಿಡಿದುಕೊಂಡು. ಅವರು ಉತ್ತರದ ಜೊತೆ ವಾಪಸ್ ಬಂದಾಗ ಕಾಗದದಲ್ಲಿ ಒಂದು ಚೈನೀಸ್ 7.62 ಗುಂಡು ಇತ್ತು. ಸುಲ್ತಾನ್ ಅಹ್ಮದ್ ಬರೆದಿದ್ದು ಹೆಚ್ಚೂಕಮ್ಮಿ ಹೀಗೆ: ಯುದ್ಧ ಇನ್ನೂ ಶುರುವೇ ಆಗಿಲ್ಲ, ಮಾತು ಬಿಟ್ಟು ಶುರು ಮಾಡೋಣ, 40 ದಾಳಿ ಸಾಲದು, ಇನ್ನೂ ಕೇಳಿಕೊಳ್ಳಿ, ನಿಮ್ಮ ಆಳನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ ಹೇಳುವ ಅಗತ್ಯ ಇರಲಿಲ್ಲ, ಅವನಿಗೆ ನಮ್ಮ ಚಹಾ ಹಿಡಿಸಿತು ಅಂದುಕೊಳ್ಳುತ್ತೇನೆ, ಮುಂದಿನ ಸಲ ನಿಮ್ಮ ಕೈಯಲ್ಲಿ ಪೆನ್ನಿನ ಬದಲು ಸ್ಟೆನ್ ಗನ್ ನೋಡುವ ಆಸೆ. ಚಹಾ ಏನೋ ಕೊಟ್ಟಿರಬಹುದು, ಅದಕ್ಕೆ ಮೊದಲು ಏಟು ಬಿದ್ದಿತ್ತು ಅಂತ ಮುನ್ಷಿಯವರೇ ಮುಂದೆ ಹೇಳಿಕೊಂಡಿದ್ದಾರೆ. ಕಾಗದದ ಕಥೆ ಹೇಳೋರು ಇಬ್ಬರು ಅಧಿಕಾರಿಗಳ ಜಾಣ ಮಾತಿಗೆ ಮರುಳಾಗಿ ಈ ಮನುಷ್ಯನನ್ನು ಮರೆತುಬಿಡುತ್ತಾರೆ. ಶತ್ರುವಿನ ಬಂಕರಿಗೆ ಬರಿಗೈಯಲ್ಲಿ ನಡೆದು ಹೋದದ್ದು ಅವರೊಬ್ಬರೇ ತಾನೇ?

ಕಾಗದದಿಂದ ಯುದ್ಧ ತೀರ್ಮಾನ ಆಗಲಿಲ್ಲ. ತೀರ್ಮಾನ ಆಗಿದ್ದು ಡಿಸೆಂಬರ್ 10ರ ರಾತ್ರಿ, ಆ ರಸ್ತೆಯ ಮೇಲೆ. ಸುಲ್ತಾನ್ ಅಹ್ಮದ್‌ಗೆ ಢಾಕಾ ಕಡೆ ಹಿಂದೆ ಸರಿಯಲು ಆದೇಶ ಬಂದಿತ್ತು. ಕತ್ತಲಲ್ಲಿ ಅವನ ಜನ ರಸ್ತೆ ಹಿಡಿದು ಇಳಿದರು. ಎದುರಿಗೆ ಜಂಗಿ ಪಲ್ಟನ್, ಗುಂಡಿ ತೋಡಿಕೊಂಡು ಕೂತಿದ್ದವರು, ಮೆಷಿನ್ ಗನ್‌ಗಳು ರಸ್ತೆಗೆ ಗುರಿ. ಇಂಥ ಹೊತ್ತಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು ಗೊತ್ತಾ? ಸುಮ್ಮನಿರೋದು. ಕತ್ತಲಲ್ಲಿ ಕಾಲಿನ ಸಪ್ಪಳ ಕೇಳುತ್ತದೆ, ಮಾತು ಕೇಳುತ್ತದೆ, ಕೈ ಟ್ರಿಗರ್ ಮೇಲೇ ಇರುತ್ತದೆ. ಒಬ್ಬ ಹುಡುಗ ಹೆದರಿ ಬೇಗ ಹಾರಿಸಿಬಿಟ್ಟರೆ ಜಾಗ ಗೊತ್ತಾಗಿ ಎಲ್ಲ ಕೆಟ್ಟಂತೆ. ಮರಾಠರು ಅವರು ಹತ್ತಿರ ಬರುವವರೆಗೆ ಕಾದರು. ಆಮೇಲೆ ಒಂದೇ ಸಲ ಶುರುವಾಯಿತು. ಬಲೂಚಿಗಳೂ ಹೇಡಿಗಳಲ್ಲ, ಬಿದ್ದವರನ್ನು ದಾಟಿಕೊಂಡು ಮತ್ತೆ ಮತ್ತೆ ನುಗ್ಗಿದರು. ಬೆಳಕಾಗುವಾಗ ರಸ್ತೆಯ ಮೇಲೆ, ಪಕ್ಕದ ಗದ್ದೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಾಕಿಸ್ತಾನಿ ಸೈನಿಕರು ಸತ್ತು ಬಿದ್ದಿದ್ದರು. ಊರೊಳಗೆ ಉಳಿದವರು ಶರಣಾದರು. ಸುಲ್ತಾನ್ ಅಹ್ಮದ್ ಒಂದಷ್ಟು ಜನರ ಜೊತೆ ತಪ್ಪಿಸಿಕೊಂಡು ಢಾಕಾ ತಲುಪಿದ. ಜಮಾಲ್‌ಪುರ ಅನ್ನೋ ಯುದ್ಧ ಗೌರವ ಪಲ್ಟನ್ನಿಗೆ ಬಂತು, ಕ್ಲೇರ್‌ಗೆ ಮಹಾವೀರ ಚಕ್ರ ಬಂತು.

ಅದೇ 11ನೇ ತಾರೀಖು ಸಂಜೆ, ಇವರಿಗಿಂತ ದಕ್ಷಿಣಕ್ಕೆ, ಟಂಗೈಲ್ ಹತ್ತಿರ ಆಕಾಶದಲ್ಲಿ ಪ್ಯಾರಾಚೂಟುಗಳು ಬಿಚ್ಚಿಕೊಂಡವು. ಲೆಫ್ಟಿನೆಂಟ್ ಕರ್ನಲ್ ಪನ್ನು ಅವರ 2 ಪ್ಯಾರಾ. ಕೆಲಸ: ಲೋಹಜಂಗ್ ನದಿಯ ಪೂಂಗ್ಲಿ ಸೇತುವೆ ಹಿಡಿದು, ಜಮಾಲ್‌ಪುರ, ಮೈಮನ್‌ಸಿಂಗ್ ಕಡೆಯಿಂದ ಓಡಿ ಬರುವವರನ್ನು ಢಾಕಾಕ್ಕೆ ಬಿಡದಿರೋದು. ಕೆಳಗೆ ಕಾದರ್ ಸಿದ್ದಿಕಿಯ ಮುಕ್ತಿ ವಾಹಿನಿ, ಊರಿನ ಜನ ಮದ್ದುಗುಂಡಿನ ಪೆಟ್ಟಿಗೆ ಹೊರಲು ಓಡಿ ಬಂದರು. ಇಳಿದದ್ದು ಒಂದು ಬೆಟಾಲಿಯನ್ನಿನಷ್ಟು ಜನ. ವಿದೇಶಿ ರೇಡಿಯೋ, ಪತ್ರಿಕೆಗಳಲ್ಲಿ ಅದು 5,000 ಆಯಿತು! ಢಾಕಾದಲ್ಲಿ ಕೂತಿದ್ದ ಪಾಕಿಸ್ತಾನಿ ಸೇನೆಯ ಮುಖ್ಯಸ್ಥ ಜನರಲ್ ನಿಯಾಜಿಗೆ ಆ ಸುಳ್ಳು ಸಂಖ್ಯೆಯೇ ಅರ್ಧ ಕೆಲಸ ಮಾಡಿರಬೇಕು ಅನ್ನೋದು ನನ್ನ ಅಂದಾಜು. ಆ ರಾತ್ರಿ ಹಿಂದೆ ಸರಿಯುತ್ತಿದ್ದ ಪಾಕಿಸ್ತಾನಿ ತುಕಡಿಗಳು ಸೇತುವೆಯ ಮೇಲೆ ಮತ್ತೆ ಮತ್ತೆ ಬಿದ್ದವು, ಪ್ಯಾರಾದವರು ಬಿಟ್ಟುಕೊಡಲಿಲ್ಲ.

12ರ ಸಂಜೆ ಉತ್ತರದ ರಸ್ತೆಯಿಂದ ಬಂದು ಅವರನ್ನು ಸೇರಿಕೊಂಡ ಮೊದಲ ಪಲ್ಟನ್ ಯಾವುದು ಅಂತೀರಿ? 1 ಮರಾಠಾ. ಕೂಟ್‌ನಲ್ಲಿ ಜೊತೆಗೆ ಹಸಿದಿದ್ದ 103 ಮತ್ತು 110, ಘಾಡ್ಗೆಯ ಪಲ್ಟನ್ ಮತ್ತು ಜಾಧವನ ಪಲ್ಟನ್, ಪೂಂಗ್ಲಿ ಸೇತುವೆಯಲ್ಲಿ. ಯೋಜನೆ ಹಾಕಿದವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಕ್ಕಿಲ್ಲ, ಹಾಗೇ ಕೂಡಿಬಂತು. ಡಿಸೆಂಬರ್ 16ರ ಬೆಳಿಗ್ಗೆ ಢಾಕಾ ಅಂಚಿನ ಮೀರ್‌ಪುರ ಸೇತುವೆಯಿಂದ ನಮ್ಮ ಜನರಲ್ ನಾಗ್ರಾ ನಿಯಾಜಿಗೆ ಚೀಟಿ ಕಳಿಸಿ, "ನಾನು ಬಂದಿದ್ದೇನೆ, ಆಟ ಮುಗಿಯಿತು" ಅಂದಾಗ ಅವರ ಹತ್ತಿರ ಇದ್ದದ್ದು 2 ಪ್ಯಾರಾದವರೇ. ಢಾಕಾಕ್ಕೆ ಮೊದಲು ಕಾಲಿಟ್ಟವರೂ ಅವರೇ.

ಹಾಗಾಗಿ ನಿಮ್ಮ ಅಜ್ಜ ಜಂಗಿ ಪಲ್ಟನ್ನಿನಲ್ಲಿ ಇದ್ದು ಪೂಂಗ್ಲಿಯಲ್ಲಿ ಪ್ಯಾರಾದವರ ಜೊತೆ ನಿಂತಿರಬಹುದು. ಅಥವಾ 2 ಪ್ಯಾರಾದಲ್ಲೇ ಇದ್ದು, ಊರವರ ಬಾಯಲ್ಲಿ ಬರೀ ಮರಾಠಾ ಆಗಿರಬಹುದು. ಅಥವಾ ಬೇರೆಯೇ ಮರಾಠಾ ಬೆಟಾಲಿಯನ್, ಆ ವರ್ಷ ಪೂರ್ವದಲ್ಲೂ ಪಶ್ಚಿಮದಲ್ಲೂ ಹಲವು ಮರಾಠಾ ಪಲ್ಟನ್ನುಗಳಿದ್ದವು. ಊಹೆ ಮಾಡೋದು ಬೇಡ, ಪತ್ತೆ ಹಚ್ಚೋಣ.

ಮೊದಲು ಟ್ರಂಕು ತೆಗೆಯಿರಿ. ಪದಕಗಳಿದ್ದರೆ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ನಂಬರ್, ಹುದ್ದೆ, ಹೆಸರು, ರೆಜಿಮೆಂಟ್ ಸಣ್ಣ ಅಕ್ಷರದಲ್ಲಿ ಕೆತ್ತಿರುತ್ತಾರೆ. ಪೂರ್ವಿ ಸ್ಟಾರ್ ಇದ್ದರೆ ಬಾಂಗ್ಲಾ ಕಡೆ ಇದ್ದದ್ದು ಖಚಿತ, ಪಶ್ಚಿಮಿ ಸ್ಟಾರ್ ಇದ್ದರೆ ಇನ್ನೊಂದು ಕಡೆ. ಸಂಗ್ರಾಮ್ ಮೆಡಲ್ ಬಹಳ ಜನರಿಗೆ ಬಂದಿದೆ, ಅದೊಂದರಿಂದ ಏನೂ ಹೇಳಲಾಗದು. ದಯವಿಟ್ಟು ಬ್ರಾಸೋ ಹಾಕಿ ಉಜ್ಜಬೇಡಿ, ಅಕ್ಷರ ಸವೆದು ಹೋಗುತ್ತದೆ. ಬೆಟಾಲಿಯನ್ ನಂಬರಿಗೆ ಬೇಕಾದದ್ದು ಡಿಸ್ಚಾರ್ಜ್ ಬುಕ್. ಅದು ಸಿಗದಿದ್ದರೆ ಅಜ್ಜಿಯ ಪೆನ್ಷನ್ ಕಾಗದ, ಅಂದರೆ ಪಿಪಿಓ ಹುಡುಕಿ, ಅದರಲ್ಲಿ ಅಜ್ಜನ ಆರ್ಮಿ ನಂಬರ್ ಸಿಗುತ್ತದೆ. ಆ ನಂಬರ್, ಪೂರ್ತಿ ಹೆಸರು, ಊರು, ಸೇರಿದ ವರ್ಷ ಅಂದಾಜಿಗೆ ಗೊತ್ತಿದ್ದರೆ ಅದನ್ನೂ ಬರೆದು, ನೀವು ಮೊಮ್ಮಗ ಅನ್ನೋದಕ್ಕೆ ದಾಖಲೆ ಸೇರಿಸಿ, ಬೆಳಗಾವಿಯಲ್ಲೇ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಿ. ಅಜ್ಜಿ ಇದ್ದರೆ ಅರ್ಜಿ ಅವರ ಹೆಸರಿನಲ್ಲೇ ಇರಲಿ, ಕೆಲಸ ಬೇಗ ಆಗುತ್ತದೆ. ಅರ್ಜಿ ಬರೆಯೋದು ಗೊತ್ತಾಗದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ, ಮಾಜಿ ಸೈನಿಕರ ಮನೆಯವರಿಗೆ ಸಹಾಯ ಮಾಡೋದೇ ಅವರ ಕೆಲಸ. ಇದೆಲ್ಲ ನಡೆಯುವಷ್ಟರಲ್ಲಿ ಇನ್ನೊಂದು ಮಾಡಿ: ನಿಮ್ಮ ತಾಲೂಕಿನಲ್ಲಿ 1971ರ ಮರಾಠಾ ಮಾಜಿಗಳು ಇನ್ನೂ ಇದ್ದಾರೆ, ವಯಸ್ಸು ಎಪ್ಪತ್ತು ದಾಟಿದೆ. ರೆಕಾರ್ಡ್ ಆಫೀಸಿನ ಉತ್ತರಕ್ಕೆ ಕಾಯದೆ ಈ ವಾರವೇ ಅಜ್ಜನ ಫೋಟೋ ತೆಗೆದುಕೊಂಡು ಅವರ ಹತ್ತಿರ ಹೋಗಿ.